ತಿಥಿ ನೋಡಿ ಚಂದ್ರನ ಬೆಟ್ಟ ಹುಡುಕುವುದು

ಪಂಚಾಂಗದಲ್ಲಿ ಬರೆದ ಚಂದ್ರೋದಯದ ಹೊತ್ತಿಗೆ ನೆಮ್ಮಾರಿನಲ್ಲಿ ಚಂದ್ರ ಕಾಣುವುದಿಲ್ಲ. ಶೃಂಗೇರಿಯಿಂದ ಕೆರೆಕಟ್ಟೆಯತ್ತ ಹೋಗುವ ದಾರಿಯಲ್ಲಿ, ತುಂಗೆಯ ದಂಡೆಯಲ್ಲಿರುವ ಈ ಊರಿಗೆ ಸುತ್ತಲೂ ಗುಡ್ಡ. ಗುಡ್ಡದ ಮೇಲೆ ಕಾಡು, ಕೆಳಗೆ ಅಡಿಕೆ ತೋಟ. ಮೂಡಣ ಗುಡ್ಡದ ನೆತ್ತಿ ದಾಟಿ, ಅಡಿಕೆ ಮರಗಳ ತಲೆಯ ಮೇಲೇರಿ ಚಂದ್ರ ಮನೆಯ ಹಿತ್ತಿಲಿಗೆ ಬರುವಷ್ಟರಲ್ಲಿ ಪಂಚಾಂಗದ ಹೊತ್ತು ಮೀರಿರುತ್ತದೆ. ಮಳೆಗಾಲದ ನಾಲ್ಕು ತಿಂಗಳಂತೂ ಅವನ ದರ್ಶನವೇ ಅಪರೂಪ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಇದು. ವೀಕ್ಷಣಾಲಯ ಕಟ್ಟುವವರು ಇಂಥ ಜಾಗದತ್ತ ತಿರುಗಿಯೂ ನೋಡಲಾರರು.

ಆದರೆ ಚಂದ್ರನನ್ನು ನೋಡಲು ವೀಕ್ಷಣಾಲಯ ಬೇಕಿಲ್ಲ. ವಿಶಾಲವಾದ ಆಕಾಶವಾಗಲಿ ಕಗ್ಗತ್ತಲೆಯಾಗಲಿ ಬೇಕಿಲ್ಲ. ಮುಂಗೈ ದಪ್ಪದ ಒಂದು ಸಣ್ಣ ದೂರದರ್ಶಕ, ಅಲುಗದಂತೆ ನಿಲ್ಲುವ ಮೂರು ಕಾಲು, ಮೋಡವಿಲ್ಲದ ಒಂದು ಗಂಟೆ ಇದ್ದರೆ ಸಾಕು. ಇವುಗಳ ಜೊತೆಗೆ ಬೇಕಾದ ಇನ್ನೊಂದು ವಸ್ತು ಮಲೆನಾಡಿನ ಬಹುತೇಕ ಮನೆಗಳಲ್ಲಿ ಈಗಾಗಲೇ ಇದೆ. ಗೋಡೆಯ ಮೊಳೆಗೆ ದಾರದಲ್ಲಿ ತೂಗುತ್ತಿರುತ್ತದೆ. ಅದೇ ಪಂಚಾಂಗ. ಉದಯಕಾಲದ ವಿಷಯದಲ್ಲಿ ನೆಮ್ಮಾರಿನ ಗುಡ್ಡಗಳು ಅದನ್ನು ಸುಳ್ಳು ಮಾಡಿದರೂ, ಚಂದ್ರನ ಮೇಲೆ ಇಂದು ಯಾವ ಬೆಟ್ಟಕ್ಕೆ ಬೆಳಗಾಗುತ್ತಿದೆ ಎಂಬುದನ್ನು ಅದು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಬಲ್ಲದು. ಪಂಚಾಂಗ ನೋಡುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ದೂರದರ್ಶಕ ಕೊಂಡವರಿಗೂ ಗೊತ್ತಿರುವುದು ಕಡಿಮೆ.

ವಿಷಯ ಸರಳ. ತಿಥಿ ಎಂದರೆ ದಿನವಲ್ಲ, ಕೋನ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಮೂವತ್ತು ತಿಥಿಗಳಿಗೆ 360 ಡಿಗ್ರಿ ಪೂರ್ತಿಯಾಗಿ ಇಬ್ಬರೂ ಮತ್ತೆ ಒಂದೇ ಕಡೆ ಬಂದರೆ ಅಮಾವಾಸ್ಯೆ. ಚಂದ್ರನ ನಡಿಗೆ ಒಮ್ಮೆ ಬಿರುಸು, ಒಮ್ಮೆ ನಿಧಾನ. ಆದ್ದರಿಂದ ತಿಥಿಯ ಅವಧಿ 20 ಗಂಟೆಯಿಂದ ಸುಮಾರು 27 ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಇತ್ತ ಚಂದ್ರನ ಮೈಮೇಲೆ ಬೆಳಕಿಗೂ ಕತ್ತಲೆಗೂ ನಡುವೆ ಒಂದು ಗಡಿ ಇದೆ. ಅದನ್ನು ಸಂಧ್ಯಾರೇಖೆ ಎನ್ನೋಣ. ಸೂರ್ಯನಿಂದ ಚಂದ್ರ 12 ಡಿಗ್ರಿ ಸರಿದಾಗಲೆಲ್ಲ ಈ ರೇಖೆಯೂ ಚಂದ್ರನ ಮೇಲೆ ಸುಮಾರು 12 ಡಿಗ್ರಿ ಮುಂದೆ ಹೋಗುತ್ತದೆ. ಶುಕ್ಲಪಕ್ಷದಲ್ಲಿ ಈ ರೇಖೆಯ ಉದ್ದಕ್ಕೂ ಚಂದ್ರನ ಮೇಲೆ ಸೂರ್ಯೋದಯ. ಅಂದರೆ ‘ಇಂದು ಷಷ್ಠಿ’ ಎಂದು ಪಂಚಾಂಗ ಹೇಳಿದರೆ, ಚಂದ್ರನ ಯಾವ ರೇಖಾಂಶದಲ್ಲಿ ಸೂರ್ಯ ಮೂಡುತ್ತಿದ್ದಾನೆ ಎಂಬುದನ್ನೂ ಹೇಳಿದಂತಾಯಿತು. ಚಂದ್ರ ನಮ್ಮೆದುರು ತುಸು ಅತ್ತಿತ್ತ ತೊನೆಯುವುದರಿಂದ ಈ ಲೆಕ್ಕ ಅರ್ಧ, ಮುಕ್ಕಾಲು ತಿಥಿಯಷ್ಟು ಹಿಂದುಮುಂದಾಗಬಹುದು. ಹಿತ್ತಿಲಿನ ವೀಕ್ಷಕನಿಗೆ ಅಷ್ಟು ತಪ್ಪು ನಡೆಯುತ್ತದೆ.

ನೋಡಬೇಕಾದದ್ದು ಈ ರೇಖೆಯನ್ನೇ. ಹೊಸದಾಗಿ ದೂರದರ್ಶಕ ಕೊಂಡವರು ಸಾಮಾನ್ಯವಾಗಿ ಹುಣ್ಣಿಮೆಗೆ ಕಾದು, ಅಂದು ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತಾರೆ. ಕಣ್ಣು ಕೋರೈಸುವ ಬಿಳಿ ತಟ್ಟೆಯ ಮೇಲೆ ಒಂದಷ್ಟು ಕಲೆಗಳ ಹೊರತು ಬೇರೇನೂ ಕಾಣದೆ ಎಲ್ಲರಿಗೂ ನಿರಾಸೆಯಾಗುತ್ತದೆ. ಹುಣ್ಣಿಮೆಯೆಂದರೆ ಚಂದ್ರನ ನಡುಭಾಗಕ್ಕೆ ನಡುಮಧ್ಯಾಹ್ನ, ಅಲ್ಲಿ ನೆರಳಿಲ್ಲ. ನೆರಳಿಲ್ಲದೆ ಗುಳಿ ಗುಳಿಯಾಗಿ, ಬೆಟ್ಟ ಬೆಟ್ಟವಾಗಿ ತೋರದು. ಕವಿಗಳಿಗೆ ಹುಣ್ಣಿಮೆ ಒಳ್ಳೆಯದು, ದೂರದರ್ಶಕಕ್ಕೆ ಅಷ್ಟಮಿ.

ಕಲ್ಲಿನ ಚಂದ್ರ

ಕನ್ನಡ ನಾಡಿನಲ್ಲಿ ಚಂದ್ರ ಸಾವಿರಕ್ಕೂ ಹೆಚ್ಚು ವರ್ಷ ಎರಡು ಕೆಲಸ ಮಾಡಿದ್ದಾನೆ. ಒಂದು ಗಡಿಯಾರದ್ದು, ಇನ್ನೊಂದು ಸಾಕ್ಷಿಯದು. ಊರ ಹೊರಗಿನ ಶಾಸನಕಲ್ಲು, ವೀರಗಲ್ಲುಗಳ ನೆತ್ತಿಯಲ್ಲಿ ಸೂರ್ಯನ ಬಿಂಬವನ್ನೂ ಬಾಗಿದ ಚಂದ್ರನ ಗೆರೆಯನ್ನೂ ನೋಡದವರು ವಿರಳ. ದತ್ತಿಯು ‘ಆಚಂದ್ರಾರ್ಕ’ ಸಲ್ಲಬೇಕು, ಎಂದರೆ ಚಂದ್ರ ಸೂರ್ಯರಿರುವವರೆಗೆ ನಡೆಯಬೇಕು ಎಂಬುದು ಅದರ ಅರ್ಥ. ದಾನ ಕೊಟ್ಟ ದಿನದ ಗುರುತಾಗಿ ಮಾಸ, ಪಕ್ಷ, ತಿಥಿ, ವಾರಗಳನ್ನು ಕೆತ್ತಿಸುತ್ತಿದ್ದರು. ‘ಸೋಮಗ್ರಹಣ’ದ ಪುಣ್ಯಕಾಲದಲ್ಲಿ ಕೊಟ್ಟದ್ದಾದರೆ ಅದನ್ನೂ ಬರೆಸುತ್ತಿದ್ದರು. ಬಿ.ಎಲ್. ರೈಸ್ 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯದು, ಕೊಪ್ಪ, ಶೃಂಗೇರಿ ಸೀಮೆಯ ಶಾಸನಗಳು ಅದರಲ್ಲಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕಿಯಾಗಿದ್ದ ಬಿ.ಎಸ್. ಶೈಲಜಾ ಮತ್ತು ಅವರ ಸಹೋದ್ಯೋಗಿಗಳು ಇಂಥ ಸಂಪುಟಗಳ ಶಾಸನಗಳಿಂದ ಗ್ರಹಣದ ಉಲ್ಲೇಖಗಳನ್ನು ಹೆಕ್ಕಿ, ಇಂದಿನ ಗಣಿತದೊಡನೆ ತಾಳೆ ನೋಡಿದ್ದಾರೆ. ರಾಜರ ಹೆಸರನ್ನೂ ದತ್ತಿಯ ಗಡಿಯನ್ನೂ ಹುಡುಕುವವರು ಓದಿ ಬಿಟ್ಟ ಸಾಲುಗಳು ಹೀಗೆ ಆಕಾಶದ ದಾಖಲೆಯಾದವು.

ಈ ಗಡಿಯಾರವನ್ನು ನಡೆಸುತ್ತಿದ್ದವರ ಗಣಿತ ಸಾಮಾನ್ಯದ್ದಲ್ಲ. ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣವೆಂದು ಆರ್ಯಭಟ 499ರಲ್ಲೇ ಬರೆದಿದ್ದ. ಅದಾದ 1,300 ವರ್ಷಗಳ ನಂತರದ ಒಂದು ಘಟನೆ ಜಾನ್ ವಾರೆನ್ ಎಂಬ ಅಧಿಕಾರಿಯ ‘ಕಾಲಸಂಕಲಿತ’ ಗ್ರಂಥದ ಮೂಲಕ ತಿಳಿದುಬಂದಿದೆ. ಪುದುಚೇರಿಯ ಒಬ್ಬ ತಮಿಳು ಪಂಚಾಂಗಕರ್ತ ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತ, ಬಾಯಿಪಾಠ ಮಾಡಿದ ಕೋಷ್ಟಕಗಳನ್ನು ನೆನೆಯುತ್ತ, ಒಂದಕ್ಷರವನ್ನೂ ಬರೆಯದೆ 1825ರ ಮೇ 31 - ಜೂನ್ 1ರ ಚಂದ್ರಗ್ರಹಣವನ್ನು ಲೆಕ್ಕ ಹಾಕಿ ತೋರಿಸಿದ. ಆರಂಭದಲ್ಲಿ 4 ನಿಮಿಷ, ಮಧ್ಯದಲ್ಲಿ 23 ನಿಮಿಷ, ಕೊನೆಯಲ್ಲಿ 52 ನಿಮಿಷ ವ್ಯತ್ಯಾಸ ಬಂತು. ತಪ್ಪನ್ನು ಎತ್ತಿ ತೋರಿಸುವವರು ತೋರಿಸಲಿ. ಬರಿಯ ಕವಡೆ ಹಿಡಿದು ಕೂತವನಿಗೆ ಅದು ಸಣ್ಣ ಸಾಧನೆಯಲ್ಲ.

ಆದರೆ ಈ ಗಣಿತ ಉತ್ತರಿಸುತ್ತಿದ್ದದ್ದು ಚಂದ್ರ ಎಂದು, ಎಲ್ಲಿ ಇರುತ್ತಾನೆ ಎಂಬ ಪ್ರಶ್ನೆಗೆ. ಅವನ ಮೈಮೇಲೆ ಏನಿದೆ ಎಂಬುದಕ್ಕೆ ಮೊಲವೋ ಜಿಂಕೆಯೋ ಸಾಕಾಗಿತ್ತು. ಅದಕ್ಕಿಂತ ಮುಂದೆ ಹೋಗಲು ಗಾಜು ಬೇಕಾಯಿತು.

ಅದು ಬಂದದ್ದು 17ನೆಯ ಶತಮಾನದ ಆರಂಭದಲ್ಲಿ, ಹಾಲೆಂಡಿನ ಕನ್ನಡಕದ ಅಂಗಡಿಗಳಿಂದ. 1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಆರು ಪಟ್ಟು ದೊಡ್ಡದಾಗಿ ತೋರಿಸುವ ಕೊಳವೆಯಿಂದ ಚಂದ್ರನನ್ನು ನೋಡಿ ಚಿತ್ರ ಬರೆದ. ಸಂಧ್ಯಾರೇಖೆ ಅಂಕುಡೊಂಕಾಗಿದೆ ಎಂಬುದು ಅವನಿಗೆ ಕಂಡಿತು, ಏಕೆಂದು ಹೊಳೆಯಲಿಲ್ಲ. ಅದೇ ವರ್ಷದ ನವೆಂಬರ್ ಕೊನೆಯಿಂದ ಗೆಲಿಲಿಯೊ ಇಟಲಿಯ ಪಾದುವಾದಲ್ಲಿ 20 ಪಟ್ಟಿನ ತನ್ನ ದೂರದರ್ಶಕದಿಂದ ನೋಡತೊಡಗಿದ. ಕತ್ತಲೆಯ ಭಾಗದೊಳಗೆ, ಗಡಿಯಿಂದ ದೂರದಲ್ಲಿ, ಅಲ್ಲಲ್ಲಿ ಬೆಳಕಿನ ಚುಕ್ಕೆಗಳಿದ್ದವು. ಹೊತ್ತು ಸರಿದಂತೆ ಅವು ಹಿಗ್ಗಿ ಬೆಳಕಿನ ಭಾಗವನ್ನು ಕೂಡಿಕೊಂಡವು.

ಇದರ ಅರ್ಥ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿಗ್ಗದ ಮೇಲಿನ ನರಸಿಂಹ ಪರ್ವತದ ನೆತ್ತಿಗೆ ಎಳೆಬಿಸಿಲು ಬಿದ್ದಾಗ ಕೆಳಗಿನ ತೋಟಗಳಲ್ಲಿ ಇನ್ನೂ ನಸುಗತ್ತಲೆ. ಚಂದ್ರನಲ್ಲೂ ಹಾಗೆಯೇ ಎಂದು ಗೆಲಿಲಿಯೊ ತರ್ಕಿಸಿದ. ಆ ಚುಕ್ಕೆಗಳು ಬೆಟ್ಟದ ತುದಿಗಳು. ಕೆಲವು ತುದಿಗಳು ಗಡಿರೇಖೆಯಿಂದ ಚಂದ್ರನ ವ್ಯಾಸದ ಇಪ್ಪತ್ತರಲ್ಲೊಂದು ಭಾಗಕ್ಕೂ ಹೆಚ್ಚು ದೂರದಲ್ಲಿ ಬೆಳಗುತ್ತಿದ್ದವು. ಅಷ್ಟು ದೂರಕ್ಕೆ ಮೊದಲ ಕಿರಣ ತಾಗಬೇಕಾದರೆ ಬೆಟ್ಟ ಎಷ್ಟು ಎತ್ತರವಿರಬೇಕು? ಲಂಬಕೋನ ತ್ರಿಕೋನದ ಸೂತ್ರದಿಂದ ಅವನಿಗೆ ಸಿಕ್ಕ ಉತ್ತರ ನಾಲ್ಕು ಇಟಾಲಿಯನ್ ಮೈಲಿಗೂ ಮಿಗಿಲು, ಸುಮಾರು ಆರು ಕಿಲೋಮೀಟರು. ಹೈಸ್ಕೂಲಿನ ಗಣಿತವಿಷ್ಟೇ. ಇಂದಿನ ಅಳತೆಯಂತೆ ಚಂದ್ರನ ಏಪನೈನ್ ಶ್ರೇಣಿಯ ಹೈಗೆನ್ಸ್ ಶಿಖರದ ಎತ್ತರ ಐದು ಕಿಲೋಮೀಟರಿಗೂ ಹೆಚ್ಚು. 1610ರ ಮಾರ್ಚಿನಲ್ಲಿ ಪುಸ್ತಕ ಅಚ್ಚಾಯಿತು. ನುಣುಪಾದ ದಿವ್ಯಗೋಳವೆಂದು ಯುರೋಪಿನ ಪಂಡಿತರು ನಂಬಿದ್ದ ಚಂದ್ರ, ಬೆಟ್ಟ ಹಳ್ಳಗಳಿರುವ ಒಂದು ಊರಾದ.

ಇಂದು ಶಾಲಾ ಮಕ್ಕಳಿಗೆಂದು ಮಾರುವ 60 ಮಿಲಿಮೀಟರ್ ಮಸೂರದ ದೂರದರ್ಶಕ ಗೆಲಿಲಿಯೊನದಕ್ಕಿಂತ ಎಷ್ಟೋ ಉತ್ತಮ. ಇದರ ಮಸೂರದ ಸಂಗಮದೂರ 700 ಮಿಲಿಮೀಟರ್ ಇದ್ದು, ಕಣ್ಣಿಗಿಡುವ ಮಸೂರದ್ದು 20 ಮಿಲಿಮೀಟರ್ ಆದರೆ ಬಿಂಬ 35 ಪಟ್ಟು ದೊಡ್ಡದಾಗುತ್ತದೆ. 10 ಮಿಲಿಮೀಟರ್ ಆದರೆ 70 ಪಟ್ಟು. ಪೆಟ್ಟಿಗೆಯ ಮೇಲೆ ‘ಐನೂರು ಪಟ್ಟು’ ಎಂದು ಅಚ್ಚು ಹಾಕಿದ್ದರೆ ಅಂಥದನ್ನು ಕೊಳ್ಳದಿರುವುದೇ ಕ್ಷೇಮ.

ಕೋಟೆಯ ಒಳಗೆ ದುರ್ಬೀನು, ಹೊರಗೆ ಹೊಗೆ

ದೂರದರ್ಶಕ ಭಾರತಕ್ಕೆ ಬರಲು ತಡವಾಗಲಿಲ್ಲ. 1651ರಲ್ಲೇ ಜೆರೆಮಿ ಶೇಕರ್ಲಿ ಎಂಬ ಇಂಗ್ಲಿಷ್ ತರುಣ ಸೂರತ್‌ನಿಂದ ಬುಧ ಸಂಕ್ರಮಣವನ್ನು ವೀಕ್ಷಿಸಿದ. 1689ರಲ್ಲಿ ಪುದುಚೇರಿಯಲ್ಲಿ ರಿಶೊ ಎಂಬ ಜೆಸುಯಿಟ್ ಪಾದ್ರಿ ‘ಆಲ್ಫಾ ಸೆಂಟಾರಿ’ ಎಂಬುದು ಒಂದಲ್ಲ, ಎರಡು ನಕ್ಷತ್ರ ಎಂದು ಕಂಡ. ನಮ್ಮ ನಾಡಿಗೆ ಬಂದರೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಖಜಾನೆ ಹೊಕ್ಕವರ ವರ್ಣನೆಗಳಲ್ಲಿ ದೂರದರ್ಶಕಗಳ ಪ್ರಸ್ತಾಪವಿದೆ. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಭೂಮಾಪನಕ್ಕೆ ತೊಡಗಿದ. ಅವನ ಉಪಕರಣಗಳಲ್ಲೂ ದೂರದರ್ಶಕವಿತ್ತು. ಒಂದು ಅರಮನೆಯದು, ಒಂದು ಸೈನ್ಯದ್ದು. ಯಾರ ಮನೆಯ ಹಿತ್ತಿಲಿಗೂ ಅವು ಬರಲಿಲ್ಲ.

ನಂತರದ ಎರಡು ಪ್ರಸಂಗಗಳು ಚಂದ್ರನ ನೆರಳಿಗೆ ಸಂಬಂಧಿಸಿದವು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ನೆರಳಿನ ದಾರಿ ಜಮಖಂಡಿಯ ಮೇಲೆ ಹಾದುಹೋಯಿತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಅಲ್ಲಿ ಬೀಡುಬಿಟ್ಟಿದ್ದ. ಓಡುವ ಮೋಡಗಳ ನಡುವೆ ಸಿಕ್ಕ ಅವಕಾಶದಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಿಂದ ನೋಡಿ, ಅವು ಕಾದ ಅನಿಲವೆಂಬುದಕ್ಕೆ ಪುರಾವೆ ಪಡೆದ.

ಮೂರು ವರ್ಷಗಳ ತರುವಾಯ, 1871ರ ಡಿಸೆಂಬರ್ 12ರಂದು, ನಾರ್ಮನ್ ಲಾಕಿಯರ್‌ನ ತಂಡ ಆಗಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೇಕಲ ಕೋಟೆಯಲ್ಲಿತ್ತು. ಇಕ್ಕೇರಿಯ ನಾಯಕರ ಕಾಲದ ಆ ಕೋಟೆಯ ಮೇಲೆ ಇಂಗ್ಲೆಂಡಿನಿಂದ ತಂದ ಉಪಕರಣಗಳು ಸಾಲಾಗಿ ನಿಂತಿದ್ದವು. ರಾಹು ಸೂರ್ಯನನ್ನು ನುಂಗುತ್ತಾನೆಂದು ಸುತ್ತಲ ಜನ ಒಣಹುಲ್ಲಿಗೆ ಬೆಂಕಿಯಿಟ್ಟರೆಂದೂ, ಹೊಗೆ ಎದ್ದು ಕೆಲಸವೆಲ್ಲ ಕೆಡುವುದರಲ್ಲಿತ್ತೆಂದೂ, ಪೊಲೀಸರು ಬೆಂಕಿ ಆರಿಸಿ ಗ್ರಹಣವನ್ನು ಉಳಿಸಿಕೊಟ್ಟರೆಂದೂ ಆ ಕಾಲದ ಇಂಗ್ಲಿಷ್ ವರದಿಗಳಲ್ಲಿದೆ. ಈ ಕತೆಯನ್ನು ಅಜ್ಞಾನದ ಉದಾಹರಣೆಯಾಗಿ ಹೇಳುವ ರೂಢಿಯಿದೆ. ಆದರೆ ಇದನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಒಂದೇ ಗ್ರಹಣವನ್ನು ಕೋಟೆಯ ಒಳಗಿನವರು ಗಾಜಿನಿಂದ ನೋಡಿದರು, ಹೊರಗಿನವರು ಹೊಗೆಯ ನಡುವಿನಿಂದ ನೋಡಿದರು, ಮಧ್ಯೆ ಪೊಲೀಸರು. ಹುಲ್ಲು ಹಚ್ಚಿದವರಲ್ಲಿ ಒಬ್ಬನನ್ನಾದರೂ ಮುನ್ನಾದಿನ ರಾತ್ರಿ ಕೋಟೆಯೊಳಕ್ಕೆ ಕರೆದು ಆ ಗಾಜಿನಿಂದ ಆಕಾಶ ತೋರಿಸಿದ್ದರೆ?

ನೂರಕ್ಕೂ ಹೆಚ್ಚು ವರ್ಷಗಳ ನಂತರ 1980ರ ಫೆಬ್ರುವರಿ 16ರಂದು ನೆರಳು ಮತ್ತೊಮ್ಮೆ ಕರ್ನಾಟಕವನ್ನು ದಾಟಿತು. ಕಾರವಾರ-ಅಂಕೋಲೆಯ ಕರಾವಳಿಯಿಂದ ರಾಯಚೂರಿನವರೆಗೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಈ ಸಲ ಉಪಕರಣವೂ ನಮ್ಮದು, ವಿಜ್ಞಾನಿಗಳೂ ನಮ್ಮವರು. ಆದರೂ ಆ ಮಧ್ಯಾಹ್ನ ಊರೂರುಗಳ ಬೀದಿ ಬಿಕೋ ಎನ್ನುತ್ತಿತ್ತು. ಜನ ಬಾಗಿಲು ಹಾಕಿಕೊಂಡು ಒಳಗಿದ್ದರು. ಆ ಬಾಗಿಲುಗಳನ್ನು ತೆರೆಸಲು ಕನ್ನಡದಲ್ಲಿ ದುಡಿದವರಲ್ಲಿ ಜಿ.ಟಿ. ನಾರಾಯಣ ರಾವ್ (1926-2008) ಅವರ ಹೆಸರು ದೊಡ್ಡದು. ಬರೆದದ್ದು ಒಂದು ತೂಕವಾದರೆ, ರಾತ್ರಿ ಹುಡುಗರನ್ನು ಬಯಲಿಗೆ ಕರೆದೊಯ್ದು ಕೈತೋರಿಸಿ ನಕ್ಷತ್ರಗಳ ಗುರುತು ಹಿಡಿಸಿದ್ದು ಇನ್ನೊಂದು ತೂಕ. 1986ರ ಹ್ಯಾಲಿ ಧೂಮಕೇತು, 1989ರಲ್ಲಿ ಬೆಂಗಳೂರಿನಲ್ಲಿ ತೆರೆದ ತಾರಾಲಯ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಇವೆಲ್ಲ ಸೇರಿ ದೂರದರ್ಶಕ ಕೊನೆಗೂ ಮನೆಯಂಗಳದ ವಸ್ತುವಾಗುವ ಹಾದಿ ಹಿಡಿಯಿತು.

ಚೌತಿಯಿಂದ ಅಷ್ಟಮಿಗೆ

ಈಗ ಪಂಚಾಂಗ ಹಿಡಿದು ಹಿತ್ತಿಲಿಗೆ ಬರೋಣ. ಯುಗಾದಿಯ ಮಾರನೆಯ ಸಂಜೆ ಚಂದ್ರದರ್ಶನ ಮಾಡಿ ಹಿರಿಯರ ಕಾಲಿಗೆರಗುವ ಪದ್ಧತಿ ನಮ್ಮಲ್ಲಿದೆ. ಆ ಎಳೆಚಂದ್ರನ ಕತ್ತಲ ಭಾಗವೂ ಮಸುಕಾಗಿ ಕಾಣುವುದನ್ನು ಗಮನಿಸಿರಬಹುದು. ಅದು ಭೂಮಿಯಿಂದ ಪ್ರತಿಫಲಿಸಿ ಹೋದ ಬೆಳಕು ಎಂದು ಲಿಯೊನಾರ್ಡೊ ಡ ವಿಂಚಿ ದೂರದರ್ಶಕ ಹುಟ್ಟುವ ಮೊದಲೇ ವಿವರಿಸಿದ್ದ.

ಚೌತಿಯ ಹೊತ್ತಿಗೆ ಬೆಳಕಿನ ಬದಿಯ ಅಂಚಿನ ಬಳಿ ಮೊಟ್ಟೆಯಾಕಾರದ ಒಂದು ಕಪ್ಪು ಬಯಲು ಸ್ಪಷ್ಟವಾಗುತ್ತದೆ. ಇಟಲಿಯ ಪಾದ್ರಿ ರಿಚ್ಚೋಲಿ 1651ರಲ್ಲಿ ಇಟ್ಟ ಹೆಸರಿನಲ್ಲಿ ಅದು ‘ಮಾರೆ ಕ್ರಿಸಿಯಮ್’, ಎಂದರೆ ಸಂಕಟಗಳ ಕಡಲು. ಭಾದ್ರಪದ ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ತಪ್ಪದೆಂದು ಹೆದರುವ ನಮಗೆ ಅಂದೇ ಸಂಕಟದ ಕಡಲು ಎದುರಾಗುವುದು ತಮಾಷೆಯ ಕಾಕತಾಳೀಯ. ನೆಮ್ಮಾರಿನವರಿಗೆ ಆ ಭಯ ಕಡಿಮೆ. ಭಾದ್ರಪದದ ಮೋಡ ಅವರನ್ನು ಸಾಮಾನ್ಯವಾಗಿ ಕಾಪಾಡುತ್ತದೆ.

ರಿಚ್ಚೋಲಿಯ ಕಡಲುಗಳಲ್ಲಿ ನೀರಿಲ್ಲ. ಅವು 300 ಕೋಟಿ ವರ್ಷಗಳಿಗೂ ಹಿಂದೆ ಲಾವಾ ಹರಿದು ಗಟ್ಟಿಯಾದ ಬಯಲುಗಳು. ಚಂದ್ರನ ಕಳೆ ಭೂಮಿಯ ಹವೆಯನ್ನು ಬದಲಿಸುತ್ತದೆಂಬ ಅಂದಿನ ನಂಬಿಕೆಯಂತೆ ಅವನು ಒಂದು ಬದಿಗೆ ಪ್ರಶಾಂತಿ, ನಿರ್ಮಲತೆಗಳ ಹೆಸರಿಟ್ಟು, ಇನ್ನೊಂದು ಬದಿಗೆ ಬಿರುಗಾಳಿ, ಮಳೆಗಳನ್ನು ಹಂಚಿದ. ತೊಟ್ಟು ನೀರಿಲ್ಲದ ‘ಮಳೆಗಳ ಕಡಲ’ನ್ನು ಆಗುಂಬೆಯ ನೆರೆಯವರು ನೋಡಿ ನಗಬೇಕು. ಭೂಮಿ ಸೂರ್ಯನನ್ನು ಸುತ್ತುತ್ತದೆಂಬ ವಾದವನ್ನು ಒಪ್ಪದ ಈ ಪಾದ್ರಿ, ಆ ವಾದದ ಮೂಲಪುರುಷ ಕೋಪರ್ನಿಕಸ್‌ನನ್ನು ಬಿರುಗಾಳಿಯ ಸಾಗರಕ್ಕೆ ಎಸೆದೆನೆಂದು ಹೇಳಿಕೊಂಡ. ಎಸೆದದ್ದೇನೋ ನಿಜ, ಆದರೆ ಕೊಟ್ಟದ್ದು ಚಂದ್ರನ ಅತಿ ಸುಂದರ ಗುಳಿಗಳಲ್ಲಿ ಒಂದನ್ನು. 93 ಕಿಲೋಮೀಟರ್ ಅಗಲದ ಆ ಗುಳಿಗೆ ದಶಮಿಯ ಹೊತ್ತಿಗೆ ಬೆಳಗಾಗುತ್ತದೆ.

ಆದರೆ ಒಂದೇ ಒಂದು ರಾತ್ರಿ ಸಿಗುವುದಾದರೆ ಷಷ್ಠಿಯನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅಂದು ಸಂಧ್ಯಾರೇಖೆಯ ಮೇಲೆ ಮೂರು ದೊಡ್ಡ ಗುಳಿಗಳು ಸರಪಣಿಯಂತೆ ನಿಲ್ಲುತ್ತವೆ: ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ. ಥಿಯೋಫಿಲಸ್‌ನ ಅಗಲ ಸುಮಾರು 100 ಕಿಲೋಮೀಟರು. ಶೃಂಗೇರಿಯಿಂದ ಹಾಸನಕ್ಕೆ ಹಕ್ಕಿ ಹಾರುವಷ್ಟು ದೂರ. ಅದರ ಅಂಚು ಚೂಪು. ನಡುವೆ ಶಿಖರಗಳ ಗುಂಪು, ಶಿಖರದ ನೆರಳು ತಳದ ಮೇಲೆ ಚಾಚಿರುತ್ತದೆ. ಅದು ಪಕ್ಕದ ಸಿರಿಲಸ್‌ನ ಗೋಡೆಯನ್ನು ಕಡಿದು ಒಳಗೆ ನುಗ್ಗಿದೆ. ಸಿರಿಲಸ್ ಸವೆದಿದೆ, ಕ್ಯಾಥರೀನಾ ಇನ್ನೂ ಸವೆದಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಪುಸ್ತಕವಿಲ್ಲದೆ ಹುಡುಗರೇ ಹೇಳಬಲ್ಲರು. ಹಳೆಯ ಶಾಸನದ ಮೇಲೆ ಹೊಸದನ್ನು ಕೆತ್ತಿದರೆ ಮೇಲಿನದು ಹೊಸದು ತಾನೆ? ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಪಾಚಿಯಿಲ್ಲ. ಉಲ್ಕೆ ಬಿದ್ದ ಗಾಯ ಅಳಿಸಿಹೋಗುವುದು ಬಲು ನಿಧಾನ. ನಮ್ಮ ಮಲೆನಾಡಿನಲ್ಲಿ ಐನೂರು ವರ್ಷದ ಕಲ್ಲೇ ಓದಲಾಗದಂತಾಗುತ್ತದೆ. ಅಲ್ಲಿ ಕೋಪರ್ನಿಕಸ್ ಗುಳಿಗೆ ಸುಮಾರು 80 ಕೋಟಿ ವರ್ಷವೆಂದು ಅಂದಾಜು, ಆದರೂ ನೋಡಲು ಹೊಸತು.

ಅಷ್ಟಮಿಯಂದು ರೇಖೆ ನಟ್ಟನಡುವೆ ಇರುತ್ತದೆ. ಏಪನೈನ್ ಬೆಟ್ಟಸಾಲಿನ ತುದಿಗಳು ಕತ್ತಲೆಯೊಳಗೆ ದೀಪದ ಸಾಲಿನಂತೆ ಹೊತ್ತಿಕೊಳ್ಳುವುದನ್ನು ಆಗ ನೋಡಬಹುದು. ಗೆಲಿಲಿಯೊ ಕಂಡದ್ದು ಇಂಥ ಚುಕ್ಕೆಗಳನ್ನೇ.

ನಮ್ಮವರ ಹೆಸರುಗಳನ್ನೂ ತಿಥಿಯಿಂದಲೇ ಹುಡುಕಬಹುದು. ಪಂಚಮಿಗೆ ಆರ್ಯಭಟ, ಲಾವಾದಲ್ಲಿ ಮುಳುಗಿ ಗೋಡೆಯ ಒಂದು ಭಾಗವಷ್ಟೇ ಉಳಿದ ಗುಳಿ. ಷಷ್ಠಿಗೆ ವಿಕ್ರಂ ಸಾರಾಭಾಯ್. ಎಂಟೇ ಕಿಲೋಮೀಟರ್ ಅಗಲ, ಸಣ್ಣ ದೂರದರ್ಶಕಕ್ಕೆ ಪರೀಕ್ಷೆ. ತ್ರಯೋದಶಿಗೆ ಸಿ.ವಿ. ರಾಮನ್. ಬೆಂಗಳೂರಿನಲ್ಲಿ ಗುರು ಶಿಷ್ಯರಾಗಿದ್ದ ರಾಮನ್ ಮತ್ತು ಸಾರಾಭಾಯ್ ಚಂದ್ರನ ಮೇಲೆ ಏಳು ತಿಥಿಗಳ ಅಂತರದಲ್ಲಿದ್ದಾರೆ. ಪಂಚಾಂಗಗಳ ಗೊಂದಲ ಬಿಡಿಸಲು 1952ರಲ್ಲಿ ಸರ್ಕಾರ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಮೇಘನಾದ ಸಹಾ ಮಾತ್ರ ಯಾವ ತಿಥಿಗೂ ಸಿಗರು. ಅವರ ಹೆಸರಿನ ಗುಳಿ ಚಂದ್ರನ ಆಚೆ ಬದಿಯಲ್ಲಿದೆ.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ‘ವಿಕ್ರಮ್’ ಚಂದ್ರನ ಮೇಲಿಳಿದಾಗ ನಿಜ ಶ್ರಾವಣ ಶುಕ್ಲ ಸಪ್ತಮಿ. ಬೆಂಗಳೂರಿನ ನಿಯಂತ್ರಣ ಕೇಂದ್ರದವರು ತಿಥಿ ನೋಡಿ ಇಳಿಸಲಿಲ್ಲ, ನಿಜ. ಆದರೆ ಇಳಿಯುವ ಜಾಗದಲ್ಲಿ ಆಗಷ್ಟೇ ಬೆಳಗಾಗಿರಬೇಕೆಂದು ಅವರು ದಿನ ಆರಿಸಿದ್ದರು. ಎಳೆಬಿಸಿಲಿದ್ದರೆ ಕಲ್ಲುಗಳ ನೆರಳು ಉದ್ದವಾಗಿ ಬಿದ್ದು ಹಳ್ಳ ದಿಣ್ಣೆ ತಿಳಿಯುತ್ತದೆ. ಮುಂದೆ ಸುಮಾರು 14 ದಿನ ಸೌರವಿದ್ಯುತ್ತಿಗೆ ಬಿಸಿಲೂ ಸಿಗುತ್ತದೆ. ಚಂದ್ರನ ಅಷ್ಟು ರೇಖಾಂಶದಲ್ಲಿ ಆಗಷ್ಟೇ ಬೆಳಗಾಗಿದೆ ಎಂದು ಹೇಳುವುದೂ, ಆ ಸಂಜೆ ಸಪ್ತಮಿ ಎಂದು ಹೇಳುವುದೂ ಹೆಚ್ಚುಕಡಿಮೆ ಒಂದೇ ಮಾತು. ನೌಕೆಯೇ ಕಾಣುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಸಣ್ಣ ದೂರದರ್ಶಕಕ್ಕೆ ನಾಲ್ಕೈದು ಕಿಲೋಮೀಟರಿಗಿಂತ ಚಿಕ್ಕದೇನೂ ಕಾಣದು. ಟಿ.ವಿ. ಮುಂದೆ ಕೂತು ಅಂದು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಆ ಮೇಲಿನ ಷಷ್ಠಿ, ಸಪ್ತಮಿಗಳಲ್ಲಿ ಅರ್ಧ ಗಂಟೆ ಚಂದ್ರನನ್ನೇ ನೋಡಿದರೋ!

ಮಲೆನಾಡಿನ ತಾಪತ್ರಯಗಳು ಬೇರೆಯೇ ಇವೆ. ಮೊದಲನೆಯದು ಬೂಷ್ಟು. ಮಳೆಗಾಲದಲ್ಲಿ ಬಟ್ಟೆ, ಪುಸ್ತಕ, ಚಪ್ಪಲಿಗೆ ಹಿಡಿಯುವ ಬೂಷ್ಟು ಮಸೂರವನ್ನೂ ಬಿಡುವುದಿಲ್ಲ. ಜೇಡನ ಬಲೆಯಂತೆ ಗಾಜಿನ ಮೇಲೆ ಹಬ್ಬಿ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳ ಜೊತೆ ಇಟ್ಟು, ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಿದರೆ ಉಳಿದೀತು. ಅಡಿಕೆ ಇಡುವ ಅಟ್ಟ ಬೆಚ್ಚಗಿರುತ್ತದಾದರೂ ಅಲ್ಲಿ ಹೊಗೆ, ಧೂಳು. ಎರಡನೆಯದು ಚಳಿಗಾಲದ ಇಬ್ಬನಿ. ರಾತ್ರಿ ಏರಿದಂತೆ ಮಸೂರದ ಮೇಲೆ ನೀರು ಕೂರುತ್ತದೆ. ಕಪ್ಪು ರಟ್ಟನ್ನು ಸುರುಳಿ ಮಾಡಿ ಕೊಳವೆಯ ಮುಂದಕ್ಕೆ ಒಂದು ಗೇಣು ಚಾಚುವಂತೆ ಕಟ್ಟಿದರೆ ಒಂದೆರಡು ಗಂಟೆ ತಡೆಯಬಹುದು. ಒರೆಸಿದರೆ ಗೀರು ಬೀಳುತ್ತದೆ. ಮೂರನೆಯದನ್ನು ಬಯಲುಸೀಮೆಯವರು ಊಹಿಸಲಾರರು. ನೋಡಲು ಒಳ್ಳೆಯ ಕಾಲವಾದ ನವೆಂಬರ್‌ನಿಂದ ಜನವರಿಯೇ ಅಡಿಕೆಯ ಕೊಯ್ಲಿನ ಕಾಲ. ಅಡಿಕೆ ಬೇಯಿಸುವ ಹಂಡೆಯ ಒಲೆಯಿಂದ ಹೊಗೆ, ಬಿಸಿಗಾಳಿ ಏಳುತ್ತವೆ. ದಿನವಿಡೀ ಕಾದ ಹೆಂಚಿನ ಮಾಡು ಸಂಜೆಯಿಡೀ ಬಿಸಿ ಉಗುಳುತ್ತದೆ. ಅವುಗಳ ಮೇಲಿಂದ ನೋಡಿದರೆ ಚಂದ್ರನ ಅಂಚು ಕುದಿಯುವ ನೀರಿನಂತೆ ನಡುಗುತ್ತದೆ. ಅಂಗಳಕ್ಕಿಂತ ಹಿತ್ತಿಲೇ ಮೇಲು ಎನ್ನುವುದಕ್ಕೆ ಇದೂ ಒಂದು ಕಾರಣ.

ಆದರೆ ಅದೇ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಅಕ್ಕಪಕ್ಕದವರು ರಾತ್ರಿಯೂ ಒಟ್ಟಾಗಿ ಕೂರುತ್ತಾರೆ. ದೂರದರ್ಶಕಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಸಿಗದು. ಒಬ್ಬೊಬ್ಬರಾಗಿ ಎದ್ದು ಬಂದು ಒಂದು ಕಣ್ಣು ಮುಚ್ಚಿ ನೋಡಿ ಹೋಗಬಹುದು.

ಅಂಥ ಒಂದು ರಾತ್ರಿಗೆ ದಿನ ಗೊತ್ತಾಗಿದೆ. 2028ರ ಡಿಸೆಂಬರ್ 31ರಂದು ಪೂರ್ಣ ಚಂದ್ರಗ್ರಹಣ. ಎಂಟೂವರೆ ದಾಟಿದ ಮೇಲೆ ಭೂಮಿಯ ನೆರಳು ಚಂದ್ರನ ಅಂಚನ್ನು ಮುಟ್ಟುತ್ತದೆ; ಹತ್ತೂಕಾಲು ಕಳೆದು ಗ್ರಹಣ ಮಧ್ಯ; ಪೂರ್ಣ ಮರೆಯಾಗಿರುವ ಅವಧಿ ಸುಮಾರು 70 ನಿಮಿಷ. ಆ ಹೊತ್ತಿಗೆ ಚಂದ್ರ ಗುಡ್ಡಗಳನ್ನೂ ಅಡಿಕೆ ಮರಗಳನ್ನೂ ಮೀರಿ ಎತ್ತರದಲ್ಲಿರುತ್ತಾನೆ, ನೆಮ್ಮಾರಿನಂಥ ಕಣಿವೆಗೂ ಅಡ್ಡಿಯಿಲ್ಲ. ನೆರಳಿನ ಅಂಚು ಟೈಕೊ, ಕೋಪರ್ನಿಕಸ್ ಗುಳಿಗಳನ್ನು ಮುಟ್ಟುವ ನಿಮಿಷವನ್ನು ಗಡಿಯಾರ ನೋಡಿ ಬರೆದುಕೊಳ್ಳಬಹುದು. ಪುದುಚೇರಿಯ ಪಂಚಾಂಗಕರ್ತನ ಲೆಕ್ಕವನ್ನು ವಾರೆನ್ ತಾಳೆ ನೋಡಿದಂತೆ, ಮನೆಯ ಪಂಚಾಂಗದ ಲೆಕ್ಕವನ್ನೂ ತಾಳೆ ನೋಡಬಹುದು. ನೆರಳು ಪೂರ್ತಿ ಬಿಡುವಾಗ ಮಧ್ಯರಾತ್ರಿ ಕಳೆದು ಕೆಲವು ನಿಮಿಷ, ಅಂದರೆ 2029 ಆಗಿರುತ್ತದೆ.